ಬಾಡಿಗೆ ಮನೆಯೋ ಸ್ವಂತ ಮನೆಯೋ? ಕಂತನ್ನು ಬಾಡಿಗೆಯೊಂದಿಗೆ ಹೋಲಿಸಬೇಡಿ

ಬೆಂಗಳೂರಿನ ಪಶ್ಚಿಮ ಭಾಗದ ನಾಗರಭಾವಿಯಲ್ಲಿ ನಿರ್ವಹಣಾ ವೆಚ್ಚವೂ ಸೇರಿ ತಿಂಗಳಿಗೆ 30,000 ರೂಪಾಯಿ ಬಾಡಿಗೆ ಕೊಟ್ಟು ಎರಡು ಕೋಣೆಗಳ ಫ್ಲ್ಯಾಟಿನಲ್ಲಿದ್ದೀರಿ, ಅದೇ ಕಟ್ಟಡದಲ್ಲಿ ಅಂಥದೇ ಫ್ಲ್ಯಾಟು 1 ಕೋಟಿಗೆ ಮಾರಾಟಕ್ಕೆ ಬಂದಿದೆ, ದಂಪತಿಗಳಿಬ್ಬರ ಕೈಗೆ ಬರುವ ಸಂಬಳ 1 ಲಕ್ಷ 60 ಸಾವಿರ, ಕೂಡಿಟ್ಟಿರುವುದು 33 ಲಕ್ಷ. ಊರಿನಲ್ಲಿರುವ ತಂದೆಯವರು ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರೆ, ಕೊಳ್ಳುವುದೇ ಸರಿಯೇ ಎಂದು ಕೇಳಿದ್ದೀರಿ. ನಾನು ಹದಿಮೂರು ವರ್ಷ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿದ್ದು, ಅನಂತರ ಸಾಲ ಮಾಡಿ ಹಳೆಯ ಫ್ಲ್ಯಾಟೊಂದನ್ನು ಕೊಂಡವನು. ಲೆಕ್ಕಪತ್ರ ನೋಡುವುದೇ ನನ್ನ ಕಸುಬಾದ್ದರಿಂದ ಮೊದಲು ಅಂಕಿಗಳನ್ನೇ ಮುಂದಿಡುತ್ತೇನೆ.

ನಿಮ್ಮ ತಂದೆಯವರ ಮಾತು ಅರ್ಧ ಸರಿ. ಬಾಡಿಗೆ ಹಿಂದಿರುಗಿ ಬರುವ ಹಣವಲ್ಲ. ಆದರೆ ಸಾಲದ ಬಡ್ಡಿಯೂ ಹಿಂದಿರುಗಿ ಬರುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಅವರಲ್ಲಿ ಬಹುಪಾಲು ಜನ ಇಷ್ಟು ದೊಡ್ಡ ಸಾಲವಿಲ್ಲದೆ, ನಿವೃತ್ತಿಯ ಹಣದಿಂದಲೋ ಪಿತ್ರಾರ್ಜಿತ ಜಾಗದಲ್ಲೋ ಮನೆ ಕಟ್ಟಿದವರು. ನೀವು 75 ಲಕ್ಷ ಸಾಲ ತೆಗೆದು, ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ಕಟ್ಟುವುದಾದರೆ ತಿಂಗಳ ಕಂತು ಸುಮಾರು 65,000 ರೂಪಾಯಿ. ಮೊದಲ ವರ್ಷ ನೀವು ಕಟ್ಟುವ 7.8 ಲಕ್ಷದಲ್ಲಿ 6.3 ಲಕ್ಷ ಬಡ್ಡಿಗೇ ಹೋಗಿ, ಅಸಲಿನಲ್ಲಿ ತೀರುವುದು ಒಂದೂವರೆ ಲಕ್ಷ ಮಾತ್ರ. ಐದು ವರ್ಷಗಳಲ್ಲಿ 39 ಲಕ್ಷ ಕಟ್ಟಿದ ಮೇಲೂ 66 ಲಕ್ಷ ಸಾಲ ಉಳಿದಿರುತ್ತದೆ. ಅಸಲಿನ ಅರ್ಧ ಭಾಗ ತೀರುವಷ್ಟರಲ್ಲಿ ಹದಿನಾಲ್ಕನೆಯ ವರ್ಷ ಮುಗಿಯುತ್ತಾ ಬಂದಿರುತ್ತದೆ.

ಆದ್ದರಿಂದ 30,000 ಬಾಡಿಗೆಯನ್ನು 65,000 ಕಂತಿನೊಂದಿಗೆ ಹೋಲಿಸಿ ಫಲವಿಲ್ಲ. ಮರಳಿ ಬಾರದ ಹಣವನ್ನು ಮರಳಿ ಬಾರದ ಹಣದೊಂದಿಗೇ ಹೋಲಿಸಬೇಕು. ಬಾಡಿಗೆದಾರರಾಗಿ ನಿಮಗೆ ವರ್ಷಕ್ಕೆ ಹೋಗುವುದು 3.6 ಲಕ್ಷ ಬಾಡಿಗೆ ಮತ್ತು ಮಾಲೀಕರ ಬಳಿ ಇರುವ ಅಡ್ವಾನ್ಸಿನ ಮೇಲೆ ಬರಬಹುದಾಗಿದ್ದ ಹತ್ತು ಸಾವಿರ ಬಡ್ಡಿ, ಅಂದರೆ 3.7 ಲಕ್ಷ. ಕೊಂಡವರಾಗಿ ಮೊದಲ ವರ್ಷ ಹೋಗುವುದು 6.3 ಲಕ್ಷ ಬಡ್ಡಿ, ನಿಮ್ಮ 33 ಲಕ್ಷವನ್ನು ಶೇಕಡಾ 7ರ ಠೇವಣಿಯಲ್ಲಿಟ್ಟಿದ್ದರೆ ಬರುತ್ತಿದ್ದ 2.3 ಲಕ್ಷ, ನಿರ್ವಹಣೆ ಮತ್ತು ಆಸ್ತಿ ತೆರಿಗೆಗೆ 70 ಸಾವಿರ, ಒಟ್ಟು 9.3 ಲಕ್ಷ. ಅಂತರ 5.6 ಲಕ್ಷ. ಎಂದರೆ 1 ಕೋಟಿಯ ಆ ಫ್ಲ್ಯಾಟಿನ ಬೆಲೆ ಮೊದಲ ವರ್ಷ ಶೇಕಡಾ 5.6ರಷ್ಟು ಏರಿದರೆ ಎರಡೂ ಸಮ, ಅದಕ್ಕಿಂತ ಕಡಿಮೆ ಏರಿದರೆ ಬಾಡಿಗೆಯೇ ಲಾಭ. ಈ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ, ಏಕೆಂದರೆ ಬಾಡಿಗೆ ಏರುತ್ತಲೇ ಹೋಗುತ್ತದೆ, ಬಡ್ಡಿ ಇಳಿಯುತ್ತಾ ಬರುತ್ತದೆ. ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ನಿಮ್ಮ ಇಂದಿನ ಬಾಡಿಗೆ ಹದಿನಾರು ವರ್ಷಗಳಲ್ಲಿ ಕಂತಿನಷ್ಟೇ ಆಗಿರುತ್ತದೆ.

ಇನ್ನು ಹೊಸ್ತಿಲಲ್ಲೇ ಕೈಬಿಡುವ ಹಣವೊಂದಿದೆ. ಕರ್ನಾಟಕದಲ್ಲಿ 45 ಲಕ್ಷಕ್ಕೂ ಮೇಲಿನ ಆಸ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜು ಸೇರಿದರೆ ನಗರ ಪ್ರದೇಶದಲ್ಲಿ ಶೇಕಡಾ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಹೀಗೆ 1 ಕೋಟಿಗೆ 7.6 ಲಕ್ಷ, ಬ್ಯಾಂಕು ಮನೆಯ ಬೆಲೆಯನ್ನು ನೋಡಿ ಸಾಲ ಕೊಡುತ್ತದೆಯೇ ಹೊರತು ಈ ಶುಲ್ಕಗಳಿಗಲ್ಲ. 25 ಲಕ್ಷ ಮುಂಗಡ ಮತ್ತು ಈ 7.6 ಲಕ್ಷ ಕೊಟ್ಟ ಮೇಲೆ ನಿಮ್ಮ 33 ಲಕ್ಷದಲ್ಲಿ ಕಪಾಟು ಮಾಡಿಸಲೂ ಹಣ ಉಳಿಯುವುದಿಲ್ಲ, ಆಸ್ಪತ್ರೆಯ ಖರ್ಚಿನ ಮಾತಂತೂ ದೂರವೇ ಉಳಿಯಿತು. ಐದು ವರ್ಷಕ್ಕೇ ಮಾರಬೇಕಾಗಿ ಬಂದರೆ ಈ ಶುಲ್ಕದ ಭಾರ ವರ್ಷಕ್ಕೆ ಒಂದೂವರೆ ಲಕ್ಷ ಬೀಳುತ್ತದೆ, ಹದಿನೈದು ವರ್ಷ ವಾಸವಿದ್ದರೆ 50 ಸಾವಿರ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಬೆಲೆಯದಲ್ಲ, ಆ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದು. ನಿಮ್ಮ ಪತ್ನಿಯವರ ಕಚೇರಿ ನಗರದ ಪೂರ್ವ ತುದಿಯ ವೈಟ್‌ಫೀಲ್ಡಿಗೆ ಹೋಗಬಹುದು ಎಂದು ನೀವು ಕೊನೆಯ ಸಾಲಿನಲ್ಲಿ ಹಗುರವಾಗಿ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯಲ್ಲಿ ಅದಕ್ಕಿಂತ ಭಾರವಾದ ಸಾಲು ಇನ್ನೊಂದಿಲ್ಲ. ನಾಗರಭಾವಿಯಿಂದ ವೈಟ್‌ಫೀಲ್ಡಿಗೆ ದಿನವೂ ಹೋಗಿಬರುವವರನ್ನು ಕೇಳಿ ನೋಡಿ.

ತೆರಿಗೆ ಉಳಿತಾಯದ ಆಸೆಯಿಂದ ಕೊಳ್ಳಬೇಡಿ. ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ, ಬಾಡಿಗೆಯವರಿಗೆ ಸಿಗುತ್ತಿದ್ದ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ.

ಬಾಡಿಗೆ ಬೇಡ, ಸಾಲವೂ ಬೇಡ, ಭೋಗ್ಯಕ್ಕೆ ಹೋದರೆ ಹೇಗೆ ಎಂದೂ ಕೇಳಿದ್ದೀರಿ. ಇದನ್ನು ಕೊಂಚ ವಿವರವಾಗಿ ಹೇಳಬೇಕು. ಮಾಲೀಕರಿಗೆ 20 ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವುದೆಂದರೆ ನಿಮಗೆ ವರ್ಷಕ್ಕೆ ತಗಲುವುದು ಆ ಹಣದ 1.4 ಲಕ್ಷ ಬಡ್ಡಿ ಮಾತ್ರ, 3.6 ಲಕ್ಷ ಬಾಡಿಗೆಯ ಅರ್ಧಕ್ಕೂ ಕಡಿಮೆ. ಕಾಗದದ ಮೇಲೆ ಮೂರರಲ್ಲಿ ಇದೇ ಅತ್ಯಂತ ಅಗ್ಗ, ನನಗೆ ಅನುಮಾನ ಹುಟ್ಟುವುದೂ ಅಲ್ಲಿಯೇ. ವರ್ಷಕ್ಕೆ 3.6 ಲಕ್ಷ ಬಾಡಿಗೆ ಬರುವ ಮನೆಯನ್ನು 20 ಲಕ್ಷಕ್ಕೆ ಭೋಗ್ಯಕ್ಕೆ ಕೊಡುವವರು ಶೇಕಡಾ 18ರ ಬಡ್ಡಿಗೆ ಸಾಲ ಎತ್ತಿದಂತಾಯಿತು. ಅಷ್ಟು ದುಬಾರಿ ಹಣ ಅವರಿಗೆ ಏಕೆ ಬೇಕಾಯಿತು? ಬಹಳ ಸಲ ಇನ್ನೊಂದು ಸಾಲ ತೀರಿಸಲು, ಇಲ್ಲವೇ ಹಿಂದಿನ ಭೋಗ್ಯದಾರರ ಹಣ ಹಿಂದಿರುಗಿಸಲು. ಹಾಗಿದ್ದಾಗ ನಿಮ್ಮ ಹಣ ವಾಪಸು ಬರುವುದು ಮುಂದಿನ ಭೋಗ್ಯದಾರರು ಸಿಕ್ಕಾಗಲೇ. ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಅದು ಬಾಕಿಯಾದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು, ಆಗ ನೀವು ಮನೆಯನ್ನೂ ಬಿಟ್ಟು 20 ಲಕ್ಷಕ್ಕಾಗಿ ಮಾಲೀಕರ ಹಿಂದೆ ಅಲೆಯಬೇಕಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಹೀಗೆಯೇ ಆಯಿತು. ಅವರ ಬಳಿ ಇದ್ದದ್ದು ಛಾಪಾಕಾಗದದ ಮೇಲೆ ಬರೆಸಿದ, ನೋಂದಣಿಯಾಗದ ಕರಾರು. ಭೋಗ್ಯಕ್ಕೆ ಹೋಗುವುದೇ ಆದರೆ ಆಸ್ತಿಯ ಮೇಲಿನ ನೋಂದಾಯಿತ ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿ ನೋಡಿ, ಮಾಲೀಕರೊಂದಿಗೆ ನೇರವಾಗಿ ಕರಾರು ಮಾಡಿ ಅದನ್ನು ನೋಂದಾಯಿಸಿ, ನಡುವೆ ನಿಂತು ಮನೆ ಕೊಡಿಸುವ ಸಂಸ್ಥೆಯ ಕೈಗೆ ಹಣ ಕೊಡಬೇಡಿ.

ಇಷ್ಟೆಲ್ಲ ಬರೆದವನು ತಾನೇಕೆ ಕೊಂಡ ಎಂದು ನೀವು ಕೇಳಬಹುದು. ಮಗಳ ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ತಿಂಗಳಿದ್ದಾಗ, ಮಗನ ಮದುವೆಯಿದೆ, ಮನೆ ಬಿಡಿ ಎಂದು ನಮ್ಮ ಮಾಲೀಕರು ಹೇಳಿದರು. ಅಡ್ವಾನ್ಸಿನಲ್ಲಿ ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆಯನ್ನು ವಾಡಿಕೆಯಂತೆ ಹಿಡಿದುಕೊಂಡರು. ಹೊಸ ಮನೆ ಹುಡುಕುವಾಗ ಎರಡು ಕಡೆ ಬಾಡಿಗೆ ಕೇಳುವ ಮೊದಲು ನಮ್ಮ ಜಾತಿ ಕೇಳಿದರು, ಒಂದು ಕಡೆ ಮೊಟ್ಟೆ ತಿನ್ನುತ್ತೀರಾ ಎಂದರು. ಈ ಕಿರುಕುಳಕ್ಕೆ ಬೆಲೆ ಕಟ್ಟಲು ನನಗೆ ಬಾರದು, ಆದರೆ ಅದು ಶೂನ್ಯವಲ್ಲ ಎಂಬುದು ಗೊತ್ತು. ಇದರ ಎದುರು ಮಗ್ಗುಲನ್ನು 2024ರ ಬೇಸಿಗೆಯಲ್ಲಿ ಕಂಡೆ: ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ನಮ್ಮ ಕಟ್ಟಡದಿಂದ ಬಾಡಿಗೆಯವರಿಬ್ಬರು ಕಾವೇರಿ ನೀರಿರುವ ಬಡಾವಣೆಗೆ ಹೊರಟುಹೋದರು, ಮಾಲೀಕರಾದ ನಾವು ಚಂದಾ ಎತ್ತಿ ಇನ್ನೊಂದು ಬಾವಿ ಕೊರೆಸಿದೆವು.

ಕೊಳ್ಳುವುದೆಂದು ನಿಶ್ಚಯಿಸಿದರೆ ಗೋಡೆಗಿಂತ ನೆಲವನ್ನು ನೋಡಿ. ಕಟ್ಟಡ ಹಳತಾದಂತೆ ಬೆಲೆ ಕಳೆದುಕೊಳ್ಳುತ್ತದೆ, ಏರುವುದು ಅದರ ಕೆಳಗಿನ ಜಾಗದ ಬೆಲೆ. ಆದ್ದರಿಂದ ಆ ಫ್ಲ್ಯಾಟಿಗೆ ಸೇರಿದ ಜಾಗದ ಅವಿಭಜಿತ ಪಾಲು ಎಷ್ಟು ಚದರಡಿ ಎಂಬುದನ್ನು ಕ್ರಯಪತ್ರದ ಕರಡಿನಲ್ಲೇ ಓದಿಕೊಳ್ಳಿ. ಪಾಲಿಕೆಯ ದಾಖಲೆಯಲ್ಲಿ ಅದು ನಿಯಮಬದ್ಧ ಆಸ್ತಿಯ ಎ ಖಾತೆಯೋ ನಿಯಮಕ್ಕೆ ಹೊಂದದ ಆಸ್ತಿಯ ಬಿ ಖಾತೆಯೋ, ಅದರ ಡಿಜಿಟಲ್ ರೂಪವಾದ ಇ-ಖಾತೆ ಆಗಿದೆಯೇ, ಕಟ್ಟಡ ವಾಸಕ್ಕೆ ಯೋಗ್ಯವೆನ್ನುವ ಸ್ವಾಧೀನಾನುಭವ ಪತ್ರ ಇದೆಯೇ ಎಂಬುದನ್ನು ವಕೀಲರಿಂದ ನೋಡಿಸಿ. ಬಿ ಖಾತೆಯ ಮನೆ ಅಗ್ಗವಾಗಿರುವುದು ಏಕೆಂಬುದು ಸಾಲ ಕೇಳಲು ಹೋದಾಗಲೂ ಮಾರಲು ಹೊರಟಾಗಲೂ ತಿಳಿಯುತ್ತದೆ.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಪತ್ನಿಯವರ ಕಚೇರಿಯ ವಿಷಯ ಇತ್ಯರ್ಥವಾಗುವವರೆಗೆ, ಹೆಚ್ಚೆಂದರೆ ಮೂರು ವರ್ಷ, ಬಾಡಿಗೆಯಲ್ಲೇ ಇದ್ದು ಕಂತಿಗೂ ಬಾಡಿಗೆಗೂ ಇರುವ ಅಂತರವಾದ 35,000 ರೂಪಾಯಿಯನ್ನು ಸಂಬಳ ಬಂದ ದಿನವೇ ಆರ್.ಡಿ. (ತಿಂಗಳ ಕಂತಿನ ಠೇವಣಿ) ಖಾತೆಗೆ ಹಾಕುತ್ತಿದ್ದೆ. ಶೇಕಡಾ 7ರ ಬಡ್ಡಿಯಲ್ಲಿ ಅದು 14 ಲಕ್ಷವಾಗುತ್ತದೆ, ಈಗಿನ 33 ಲಕ್ಷ 40 ಲಕ್ಷ ದಾಟುತ್ತದೆ. ಅಷ್ಟರಲ್ಲಿ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರಿ 1 ಕೋಟಿ 16 ಲಕ್ಷವಾದರೆ, ಅದೇ 75 ಲಕ್ಷ ಸಾಲದಲ್ಲಿ ಕೊಂಡು, ಬಡ್ಡಿಯ ಮೇಲಿನ ತೆರಿಗೆ ಮತ್ತು ಬಾಡಿಗೆಯ ಏರಿಕೆ ಕಳೆದರೂ ಎರಡು ಲಕ್ಷದ ಆಸುಪಾಸು ಕೈಯಲ್ಲಿರುತ್ತದೆ. ಶೇಕಡಾ 8ರಂತೆ ಏರಿದರೆ ಒಂಬತ್ತು ಲಕ್ಷದ ಆಸುಪಾಸು ಕಡಿಮೆ ಬೀಳುತ್ತದೆ. ಕಾಯುವುದರಿಂದ ಲಾಭ ಖಚಿತವೆಂದು ನಾನು ಹೇಳುತ್ತಿಲ್ಲ. ಆದರೆ ಆ ಮೂರು ವರ್ಷಗಳಲ್ಲಿ ಎಷ್ಟು ಸಲ ಆರ್.ಡಿ.ಗೆ ಹಣ ಹಾಕಲು ತಪ್ಪಿತು ಎಂಬುದನ್ನು ಎಣಿಸಿದರೆ, 65,000 ಕಂತನ್ನು ಇಪ್ಪತ್ತು ವರ್ಷ ತಪ್ಪದೆ ಕಟ್ಟಬಲ್ಲಿರೋ ಇಲ್ಲವೋ ಎಂಬುದು ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ನಿಮಗೆ ತಿಳಿದಿರುತ್ತದೆ.