ಮಳೆಗಾಲದ ಫೆಸ್ಟು, ಮುಚ್ಚಿದ ಕಿಟಕಿ

ಆಗಸ್ಟಲ್ಲಿ ಕುಶಾಲನಗರ ಕಡೆ ನಿಮ್ಮ ಯೂನಿವರ್ಸಿಟಿ ಫೆಸ್ಟು, ಏಳೆಂಟುನೂರು ಜನ ಒಂದೇ ಹಾಲಲ್ಲಿ ಸೇರ್ತೀರ, ಫ್ಲೂ ಹರಡದ ಹಾಗೆ ಗೇಟಲ್ಲಿ ಸ್ಯಾನಿಟೈಸರ್ರು ಟೆಂಪರೇಚರ್ ಗನ್ನು ಇಟ್ರೆ ಸಾಕಾ ಅಂತ ಕೇಳಿದೀರ. ಸಾಕಾಗಲ್ಲ ರೀ. ನಾನು ಮಡಿಕೇರಿ ಕಡೆ ಒಂದು ಕಾಲೇಜಲ್ಲಿ ಪಾಠ ಮಾಡ್ತಾ ಹಾಸ್ಟೆಲ್ ವಾರ್ಡನ್ ಕೆಲಸನೂ ನೋಡ್ಕೊಂಡಿದ್ದೋನು, ನಾವೂ ಒಂದ್ಸಲ ಇವೆರಡನ್ನೇ ನಂಬಿ ಕೂತಿದ್ವಿ.

ಆವತ್ತು ಕೈಗೆಲ್ಲ ಸ್ಯಾನಿಟೈಸರ್ ಹಾಕಿ, ಹಣೆಗೆ ಗನ್ ಹಿಡಿದು ಒಳಗೆ ಬಿಟ್ವಿ. ಹೊರಗೆ ಗಾಳಿಮಳೆ, ಎರಚಲು ಸ್ಟೇಜ್ ತನಕ ಬರ್ತಿತ್ತು, ಮೈಕ್ ಸೆಟ್ಟಿನವನು ಕಿರುಚಾಡಿದ ಅಂತ ಎಲ್ಲಾ ಕಿಟಕಿ ಮುಚ್ಚಿದ್ವಿ, ಆಮೇಲೆ ಐದು ಗಂಟೆ ಡ್ಯಾನ್ಸು, ಕೂಗಾಟ, ಒದ್ದೆ ಸಾಕ್ಸ್ ವಾಸನೆ. ಮೂರನೇ ದಿನ ಮೆಸ್ಸಲ್ಲಿ ಅರ್ಧ ತಟ್ಟೆ ಹಾಗೇ ಉಳೀತು, ಹಾಸ್ಟೆಲ್ ಕಾರಿಡಾರ್ ತುಂಬ ಕೆಮ್ಮು.

ಸೋಂಕಿರೋರು ಗನ್ನಿಗೆ ಯಾಕೆ ಸಿಕ್ಕಿಬೀಳಲ್ಲ ಅಂದ್ರೆ, ಜ್ವರ ಬರೋದಕ್ಕೆ ಒಂದು ದಿನ ಮೊದಲೇ ವೈರಸ್ಸು ಹರಡೋಕೆ ಶುರುವಾಗಿರುತ್ತೆ, ಆವಾಗ ಆ ಹುಡುಗನಿಗೇ ಗೊತ್ತಿರಲ್ಲ. ಇನ್ನು ಗೊತ್ತಿರೋರು ಬೆಳಿಗ್ಗೆ ಒಂದು ಡೋಲೋ ನುಂಗಿ ಬರ್ತಾರೆ, ಗನ್ನಲ್ಲಿ ನಾರ್ಮಲ್. ಸ್ಯಾನಿಟೈಸರ್ ಬೇಡ ಅಂತಿಲ್ಲ, 60 ಪರ್ಸೆಂಟಿಗಿಂತ ಹೆಚ್ಚು ಆಲ್ಕೋಹಾಲ್ ಇರೋದನ್ನ ತಗೊಳ್ಳಿ, ಸೋಪು ನೀರಿದ್ರೆ ಇನ್ನೂ ಒಳ್ಳೇದು, ಆದ್ರೆ ಫ್ಲೂ ಮುಖ್ಯವಾಗಿ ಬರೋದು ಪಕ್ಕದವನ ಕೆಮ್ಮು, ಉಸಿರಿಂದ, ಅದಕ್ಕೆ ಕೈ ತೊಳೆದ್ರೆ ಏನಾಗುತ್ತೆ ಹೇಳಿ.

ಹಾಗಾಗಿ ಮೊದ್ಲು ಗಾಳಿ ನೋಡಿ. ಮಳೆ ಹೊಡೆಯೋ ಕಡೆ ಕಿಟಕಿ ಮುಚ್ಚಿ, ಆದ್ರೆ ಅದರ ಎದುರು ಬದಿಯವು ಮತ್ತೆ ಮೇಲಿನ ವೆಂಟಿಲೇಟರ್ ತೆರೆದೇ ಇರ್ಲಿ, ಎಕ್ಸಾಸ್ಟ್ ಫ್ಯಾನ್ ಓಡ್ತಾ ಇದ್ಯಾ ಅಂತ ಹಿಂದಿನ ದಿನವೇ ಹಾಕಿ ನೋಡಿ (ನಮ್ಮದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು). ಚಳಿ ಆಗುತ್ತೆ ಅಂತಾರೆ, ಕೊಡಗಿನ ಮಕ್ಕಳು ಸ್ವೆಟರ್ ಇಲ್ದೆ ಬರ್ತಾರಾ? ಐದು ಗಂಟೆ ಒಂದೇ ಸಮ ಕೂರಿಸ್ಬೇಡಿ, ನಡುವೆ ಹಾಲ್ ಖಾಲಿ ಮಾಡಿಸಿ, ಊಟ ವರಾಂಡದಲ್ಲಿ ಇಟ್ಕೊಳ್ಳಿ.

ಎರಡನೇದು, ನನ್ನ ಪ್ರಕಾರ ಇದೇ ದೊಡ್ಡದು. ಹುಷಾರಿಲ್ದೋರು ಬರದೇ ಇರೋ ಹಾಗೆ ಮಾಡ್ಬೇಕು, ಆದ್ರೆ ನಾವೇ ಬರೋ ಹಾಗೆ ಮಾಡಿರ್ತೀವಿ! ಬರ್ದಿದ್ರೆ ಅಟೆಂಡೆನ್ಸ್ ಕಟ್, ಸರ್ಟಿಫಿಕೇಟ್ ಇಲ್ಲ, ಕಟ್ಟಿದ ದುಡ್ಡು ವಾಪಸ್ ಇಲ್ಲ ಅಂದ್ರೆ ಯಾವನು ಮನೇಲಿ ಮಲಗ್ತಾನೆ. ಫೀಸು ವಾಪಸ್ ಕೊಡ್ತೀವಿ, ಅಟೆಂಡೆನ್ಸ್ ಕೊಡ್ತೀವಿ ಅಂತ ಪೋಸ್ಟರಲ್ಲೇ ಹಾಕಿ, ಪ್ರತಿ ಟೀಮಿಗೂ ಒಬ್ಬ ಎಕ್ಸ್‌ಟ್ರಾ ಇರ್ಲಿ. ಮಾತ್ರೆ ಇಲ್ದೆ ಜ್ವರ ಬಿಟ್ಟು 24 ಗಂಟೆ ಆಗೋ ತನಕ ರೂಮಲ್ಲೇ ಇರ್ಲಿ, ಊಟ ಬಾಗಿಲಿಗೆ ಹೋಗ್ಲಿ. ಅಲ್ಪಸ್ವಲ್ಪ ಕೆಮ್ಮು ಇಟ್ಕೊಂಡು ಬಂದವನಿಗೆ ಮಾಸ್ಕ್ ಕೊಡಿ.

ನೀರಿನ ಬಾಟಲ್ ಕಚ್ಚಿ ಕುಡಿದು ಪಕ್ಕದವನಿಗೆ ಕೊಡೋದು ಬೇಡ, ಎತ್ತಿ ಕುಡೀರಿ, ನಮ್ಮ ಅಜ್ಜಿಯಂದಿರು ಬೈತಿದ್ದದ್ದು ಸುಮ್ನೆ ಅಲ್ಲ.

ಲಸಿಕೆ ಹಾಕಿಸ್ಕೊಳ್ಳೋರಿದ್ರೆ ಈಗಲೇ ಡಾಕ್ಟರನ್ನ ಕೇಳಿ, ಕೆಲಸ ಮಾಡೋಕೆ ಸುಮಾರು 2 ವಾರ ಬೇಕು, ಮತ್ತೆ ವೈರಸ್ಸು ಬದಲಾಗ್ತಾ ಇರೋದ್ರಿಂದ ಹೋದ ವರ್ಷದ್ದು ಈ ವರ್ಷಕ್ಕೆ ಆಗಲ್ಲ. ಕಕ್ಕಡ 18ಕ್ಕೆ (ಮಳೆಗಾಲದಲ್ಲಿ ಕೊಡಗಿನೋರು ಆಚರಿಸೋ ದಿನ) ಮದ್ದುಸೊಪ್ಪಿನ ಪಾಯಸ ತಿಂದಿದೀನಿ, ನಂಗೇನೂ ಆಗಲ್ಲ ಅಂದ ಹುಡುಗನೂ ನಮ್ಮಲ್ಲಿದ್ದ. ಪಾಯಸ ನಾನೂ ಎರಡು ಬಟ್ಟಲು ತಿಂತೀನಿ, ಅದು ಬೇರೆ ಮಾತು. ಆ್ಯಂಟಿಬಯೋಟಿಕ್ ಕೂಡ ಹಾಗೇ, ಫ್ಲೂ ವೈರಸ್ಸಿಗೆ ಅದು ನಾಟಲ್ಲ, ಸುಮ್ನೆ ಮೆಡಿಕಲ್ ಶಾಪಲ್ಲಿ ಕೇಳಿ ನುಂಗ್ಬೇಡಿ. ಉಸಿರಾಟ ಕಷ್ಟ ಆದ್ರೆ, ಎದೆ ನೋವು ಬಂದ್ರೆ, ಬಿಟ್ಟ ಜ್ವರ ಮತ್ತೆ ಏರಿದ್ರೆ ತಡ ಮಾಡ್ದೆ ಆಸ್ಪತ್ರೆಗೆ.

ಆಮೇಲೆ ಫೆಸ್ಟ್ ಶನಿವಾರ ಇಟ್ಕೋಬೇಡಿ. ಸೋಂಕು ತಗುಲಿ 1ರಿಂದ 4 ದಿನದಲ್ಲಿ ಲಕ್ಷಣ ಬರುತ್ತೆ, ಶನಿವಾರ ಕುಣಿದೋರು ಭಾನುವಾರ ಪೊನ್ನಂಪೇಟೆ, ಸೋಮವಾರಪೇಟೆ ಅಂತ ಮನೆಗೆ ಹೋಗಿ ಒಲೆ ಮುಂದೆ ಅಜ್ಜ ಅಜ್ಜಿ ಪಕ್ಕ ಕೂರ್ತಾರೆ, ವಯಸ್ಸಾದವರಿಗೆ ಇದು ನ್ಯುಮೋನಿಯಾಕ್ಕೆ ತಿರುಗೋದುಂಟು. ಸೋಮವಾರವೋ ಮಂಗಳವಾರವೋ ಇಡಿ, ಆವಾಗ ಯಾರ್ಯಾರಿಗೆ ಜ್ವರ ಅಂತ ವೀಕೆಂಡಿಗೆ ಮೊದ್ಲೇ ಹೆಚ್ಚುಕಮ್ಮಿ ಗೊತ್ತಾಗುತ್ತೆ, ಅವರನ್ನ ಬಸ್ ಹತ್ತಿಸದೆ ಹಾಸ್ಟೆಲಲ್ಲೇ ಉಳಿಸ್ಕೋಬಹುದು.