‘ಸಂಚಕಾರ’ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಿ

ಪ್ರಿಯ ಸಹೋದರಿ,

‘ಕ್ರಿಸ್ತನಲ್ಲಿ ನಾನು ಯಾರು?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ, ತಿದ್ದಿ ಕಳಿಸಿ.

ರಕ್ಷಣೆ ಹೊಂದಿದವರು ದೇವರ ಮಕ್ಕಳು, ಮಕ್ಕಳಾದ್ದರಿಂದ ಬಾಧ್ಯರು, ಅಂದರೆ ಪಾಲಿನ ಹಕ್ಕುದಾರರು ಎಂದು ಬರೆದಿದ್ದೀರಿ. ಸರಿಯಾಗಿದೆ. ಆದರೆ ಹಿಂದೆಯೇ ಇಪ್ಪತ್ತಕ್ಕೂ ಜಾಸ್ತಿ ವಚನಗಳ ಸಂಖ್ಯೆ ಜೋಡಿಸಿದ್ದೀರಿ. ಅಷ್ಟನ್ನೂ ಬೈಬಲ್ ತೆರೆದು ಯಾರು ನೋಡುತ್ತಾರೆ? ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ ಒಂದೇ ಸಾಕು.

ಅಲ್ಲಿಯೂ ಪವಿತ್ರಾತ್ಮನು ನಮ್ಮ ‘ಬಾಧ್ಯತೆಗೆ ಸಂಚಕಾರ’ ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಕ್ರೈಸ್ತ ಸಭೆಯಲ್ಲಿ ಬೆಳೆದ ನಮಗೆ ಇದು ಪರಿಚಯದ ಮಾತು. ಹೊರಗಿನವರ ಕಿವಿಗೆ ಹೇಗೆ ಕೇಳುತ್ತದೆ, ಯೋಚಿಸಿ. ಬ್ಯಾಂಕು, ಕಚೇರಿಗಳ ಕನ್ನಡದಲ್ಲಿ ಬಾಧ್ಯತೆ ಅಂದರೆ ತೀರಿಸಬೇಕಾದ ಹೊಣೆ. ಪತ್ರಿಕೆಗಳಲ್ಲಿ ‘ಪ್ರಾಣಕ್ಕೆ ಸಂಚಕಾರ’ ಅಂದರೆ ಅಪಾಯ! ನಿಮ್ಮ ಇಡೀ ಲೇಖನದ ಒಳ್ಳೆಯ ಸುದ್ದಿ ಈ ಎರಡು ಪದಗಳಲ್ಲಿದೆ. ಅದೇ ತಲೆಕೆಳಗಾಗಿ ತಲುಪಿದರೆ ಹೇಗೆ?

ಬಿಡಿಸಿ ಹೇಳಿ. ಬಾಧ್ಯತೆ ಅಂದರೆ ಮಕ್ಕಳಿಗೆ ಬರುವ ಪಾಲು. ಸಂಚಕಾರ ಅಂದರೆ ಮುಂಗಡ. ಗ್ರೀಕ್ ಮೂಲದಲ್ಲಿರುವ ‘ಅರ್ರಬೋನ್’ ವ್ಯಾಪಾರದ ಮಾತು. ನಾವು ಸೈಟು ಕೊಳ್ಳುವಾಗ ಅಡ್ವಾನ್ಸ್ ಕೊಡುತ್ತೇವಲ್ಲ, ಹಾಗೆ. ಅಡ್ವಾನ್ಸ್ ಬರೀ ಗುರುತಲ್ಲ, ಬರಬೇಕಾದ ಮೊತ್ತದ್ದೇ ಒಂದು ಭಾಗ. ಇಲ್ಲಿ ಅದನ್ನು ಕೊಡುತ್ತಿರುವವರು ನಾವಲ್ಲ, ದೇವರು. ಇದನ್ನು ಬರೆಯುವಾಗಲೂ ನನ್ನ ಮನಸ್ಸು ತುಂಬಿ ಬರುತ್ತದೆ.

ದೇವರು ನಮ್ಮನ್ನು ದತ್ತು ತೆಗೆದುಕೊಂಡ ವಿಷಯ ಹೇಳುವಾಗ ನೀವು ಅನಾಥ ಶಿಶುವಿನ ಚಿತ್ರ ಕೊಟ್ಟಿದ್ದೀರಿ. ಈ ಪತ್ರ ಬರೆದ ಪೌಲನ ಕಾಲದ ರೋಮಿನಲ್ಲಿ ಹೆಚ್ಚಾಗಿ ಬೆಳೆದ ಗಂಡಸರನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು. ಮನೆತನದ ಹೆಸರು, ಆಸ್ತಿ ಮುಂದುವರಿಯಲಿ ಎಂದು. ಕ್ರಿ.ಶ. 4ರಲ್ಲಿ ಆಗಸ್ಟಸ್ ಚಕ್ರವರ್ತಿ ತಿಬೇರಿಯಸ್‌ನನ್ನು ದತ್ತು ತೆಗೆದುಕೊಂಡಾಗ ಅವನಿಗೆ ನಲವತ್ತು ದಾಟಿತ್ತು. ದತ್ತು, ಬಾಧ್ಯತೆ ಎರಡೂ ಒಟ್ಟಿಗೆ ಯಾಕೆ ಬರುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ನನಗೆ ನಿಜವಾಗಿ ನೋವಾದ ಜಾಗ. ರೋಮಾಪುರದವರಿಗೆ ಬರೆದ ಪತ್ರದ 8:17ನ್ನು ನೀವು ಅರ್ಧಕ್ಕೇ ಬಿಟ್ಟಿದ್ದೀರಿ. ‘ಕ್ರಿಸ್ತನೊಂದಿಗೆ ಬಾಧ್ಯರು’ ಎಂಬಲ್ಲಿಗೆ ನಿಲ್ಲಿಸಿ, ಮನೆ, ಕಾರು, ವಿದೇಶದ ಕೆಲಸದ ಕಡೆಗೆ ತಿರುಗಿದ್ದೀರಿ. ಆತನೊಂದಿಗೆ ಬಾಧೆಪಡುವ ಮಾತು ಅದೇ ವಚನದಲ್ಲಿ ಮುಂದೆ ಇದೆ ಅಲ್ವಾ? ಕೆಡದ, ಮಲಿನವಾಗದ, ಬಾಡದ ಬಾಧ್ಯತೆಯ ಬಗ್ಗೆ ಪೇತ್ರನ ಮೊದಲ ಪತ್ರ ಹೇಳುವುದೂ ಊರೂರಿಗೆ ಚದರಿ, ಕಷ್ಟದಲ್ಲಿದ್ದ ವಿಶ್ವಾಸಿಗಳಿಗೆ. ಕೆಲಸ ಕಳೆದುಕೊಂಡ ಓದುಗರೊಬ್ಬರು ನಿಮ್ಮ ಲೇಖನ ಓದಿದರೆ, ‘ಹಾಗಾದರೆ ನಾನು ದೇವರ ಮಗ ಅಲ್ಲವೇ?’ ಎಂದುಕೊಳ್ಳುತ್ತಾರೆ.

ಆ ಪ್ಯಾರಾ ಪೂರ್ತಿ ತೆಗೆಯಿರಿ. ಬಿಟ್ಟ ಅರ್ಧ ವಚನವನ್ನು ಅಲ್ಲಿ ಹಾಕಿ, ಅಲ್ಲಿಂದಲೇ ಮತ್ತೆ ಬರೆದು ನೋಡಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ