ಕಾದಂಬರಿ ಬರೆಯುವವರು ದಿನಾ ಬರೆಯುತ್ತಾರಾ? ಕಥೆ ಎಲ್ಲಿಂದ ಸಿಗುತ್ತದೆ?

ಮೂಡ್ ಬಂದಾಗ ಬರೆದರೆ ಸಾಕಾ, ದಿನಾ ಕೂರಲೇಬೇಕಾ ಅಂತ ಕೇಳಿದ್ದೀರಿ. ಕಥೆಯ ಎಳೆ ಎಲ್ಲಿಂದ ಸಿಗುತ್ತದೆ ಅಂತಲೂ ಕೇಳಿದ್ದೀರಿ. ಮೂವತ್ತು ಪುಟ ಆಗುವಷ್ಟರಲ್ಲಿ ಬರವಣಿಗೆ ನಿಂತುಹೋಗುತ್ತದೆ ಅಂತ ಬೇರೆ ಬರೆದಿದ್ದೀರಿ. ಕಾದಂಬರಿ ಬರೆಯುವವನಾಗಿ ನನಗೆ ಈ ಮೂರೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ದಿನಾ ಕೂರುವವರಿಗೆ ಎಳೆ ಸಿಗುತ್ತದೆ. ಎಳೆ ಸಿಗಲಿ, ಆಮೇಲೆ ಕೂರೋಣ ಅಂತ ಕಾಯುವವರಿಗೆ ಎರಡೂ ಆಗುವುದಿಲ್ಲ.

ಎಳೆಯ ವಿಷಯ ಮೊದಲು ಹೇಳುತ್ತೇನೆ. ಕಥೆ ಪೂರ್ತಿಯಾಗಿ ಯಾರಿಗೂ ಹೊಳೆಯುವುದಿಲ್ಲ. ಸಿಗುವುದು ಒಂದು ಚೂರು. ಒಮ್ಮೆ ಆಸ್ಪತ್ರೆಯ ಕೌಂಟರಿನಲ್ಲಿ ನನ್ನ ಮುಂದೆ ವಯಸ್ಸಾದವರೊಬ್ಬರು ಫಾರ್ಮ್ ತುಂಬುತ್ತಿದ್ದರು. ಹೆಸರು, ವಿಳಾಸ ಎಲ್ಲ ಚಕಚಕ ಬರೆದರು. ‘ರೋಗಿಗೆ ಏನಾಗಬೇಕು’ ಅನ್ನುವ ಜಾಗದಲ್ಲಿ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ‘ಪರಿಚಯದವರು’ ಅಂತ ಬರೆದು ಫಾರ್ಮ್ ಕೊಟ್ಟುಬಿಟ್ಟರು. ನಾನು ನೋಡಿದ್ದು ಇಷ್ಟೇ. ಅವರನ್ನು ಏನೂ ಕೇಳಲಿಲ್ಲ, ಕೇಳಲೂಬಾರದು. ಇನ್ನೊಬ್ಬರ ನಿಜವಾದ ಕಥೆ ನಮಗೆ ಬೇಕಾಗಿಲ್ಲ, ಆ ನಿಂತ ಪೆನ್ನು ಸಾಕು.

ಅಲ್ಲಿಂದ ಮುಂದೆ ಪ್ರಶ್ನೆ ಕೇಳಿಕೊಳ್ಳುವ ಕೆಲಸ. ಯಾಕೆ ನಿಂತಿತು? ಮೊದಲು ಹೊಳೆಯುವ ಉತ್ತರ ಎಲ್ಲರಿಗೂ ಹೊಳೆಯುವಂಥದ್ದೇ: ಒಳಗೆ ಇರುವವಳು ಹಳೆಯ ಪ್ರೇಯಸಿ. ಅದನ್ನು ನಾನು ಬಿಟ್ಟುಬಿಡುತ್ತೇನೆ. ಮೊದಲ ಉತ್ತರವನ್ನು ಓದುಗರೂ ಊಹಿಸಿರುತ್ತಾರೆ, ಅಲ್ವಾ? ಒಳಗೆ ಇರುವವನು ಸ್ವಂತ ತಮ್ಮನಾಗಿದ್ದರೆ? ಜಮೀನಿನ ವ್ಯಾಜ್ಯಕ್ಕೆ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷ ಆಗಿದ್ದರೆ? ಹಾಗಾದರೆ ಇವತ್ತು ಇವರನ್ನು ಕರೆಸಿದವರು ಯಾರು? ತಮ್ಮನ ಮಕ್ಕಳು ಎಲ್ಲಿ? ತಮ್ಮನಿಗೆ ಎಚ್ಚರವಾದಾಗ ಎದುರಿಗೆ ಅಣ್ಣನನ್ನು ಕಂಡು ಮೊದಲ ಮಾತು ಏನು ಆಡುತ್ತಾನೆ? ಒಂದೊಂದು ಉತ್ತರವೂ ಇನ್ನೆರಡು ಪ್ರಶ್ನೆ ಹುಟ್ಟಿಸುತ್ತಿದ್ದರೆ ಅದರಲ್ಲಿ ಕಾದಂಬರಿ ಇದೆ. ಎರಡೇ ಪ್ರಶ್ನೆಗೆ ಮುಗಿದುಹೋದರೆ ಸಣ್ಣಕಥೆ ಆಗಬಹುದು, ಬಿಟ್ಟುಬಿಡಲೂಬಹುದು.

ನಿಮ್ಮ ಮೂವತ್ತು ಪುಟದ ತೊಂದರೆಯೂ ಇಲ್ಲೇ ಇರಬಹುದು ಅಂತ ನನ್ನ ಅನುಮಾನ. ಸನ್ನಿವೇಶ ಸಿಕ್ಕಿದೆ, ಪ್ರಶ್ನೆ ಸಿಕ್ಕಿಲ್ಲ. ಸನ್ನಿವೇಶ ಮೂವತ್ತು ಪುಟ ಎಳೆಯುತ್ತದೆ, ಅದರ ಮೇಲೆ ಎಳೆಯುವುದಿಲ್ಲ. ಒಬ್ಬ ವ್ಯಕ್ತಿಗೆ ಏನು ಬೇಕು, ಅದು ಸಿಗದಂತೆ ಯಾರು ಅಡ್ಡ ನಿಂತಿದ್ದಾರೆ, ಅಡ್ಡ ನಿಂತವರ ಕಡೆಯೂ ನ್ಯಾಯ ಇದೆಯಾ, ಇದನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಕೊನೆಯದಕ್ಕೆ ‘ಇದೆ’ ಅನ್ನುವ ಉತ್ತರ ಬಂದರೆ ಕಥೆ ಮುಂದೆ ಹೋಗುತ್ತದೆ.

ಕೂತಲ್ಲಿಯೇ ಎಲ್ಲ ಸಿಗುವುದಿಲ್ಲ ಅನ್ನುವುದೂ ನಿಜ. ಎಸ್. ಎಲ್. ಭೈರಪ್ಪನವರು 1979ರಲ್ಲಿ ಬಂದ ‘ಪರ್ವ’ಕ್ಕಾಗಿ ಹಿಮಾಲಯದ ಸೀಮೆಯಲ್ಲೆಲ್ಲ ಓಡಾಡಿದ್ದರು. ಒಬ್ಬ ಹೆಂಗಸು ಹಲವು ಅಣ್ಣತಮ್ಮಂದಿರನ್ನು ಮದುವೆಯಾಗುವ ಪದ್ಧತಿಯನ್ನು ಅಲ್ಲಿನ ಹಳ್ಳಿಯಲ್ಲಿ ಕಣ್ಣಾರೆ ಕಂಡದ್ದು ದ್ರೌಪದಿಯ ಬಗ್ಗೆ ಹೊಸದಾಗಿ ಯೋಚಿಸಲು ದಾರಿಯಾಯಿತು. ನಮ್ಮಂಥವರಿಗೆ ಅಷ್ಟು ದೂರ ಹೋಗಲು ಆಗದಿದ್ದರೂ, ಪಾತ್ರ ಮಾಡುವ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಬಹುದು. ಬಡಗಿ ಉಳಿ ಹಿಡಿಯುವ ರೀತಿ, ನರ್ಸ್ ರಾತ್ರಿ ಪಾಳಿಯಲ್ಲಿ ಎಚ್ಚರವಾಗಿರಲು ಏನು ಮಾಡುತ್ತಾರೆ ಅನ್ನುವುದು, ಇಂಥವು ಕಲ್ಪನೆಯಿಂದ ಬರುವುದಿಲ್ಲ.

ಇನ್ನು ದಿನಾ ಕೂರುವ ವಿಷಯ. ಸಣ್ಣಕಥೆಯನ್ನು ಒಂದೇ ಉಸಿರಿಗೆ ಬರೆದು ಮುಗಿಸಬಹುದು. ಕಾದಂಬರಿಗೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಅದೇ ಜನರ ಜೊತೆ ಬಾಳಬೇಕು. ಯಾರ ಮಾತಿನ ವರಸೆ ಹೇಗೆ, ಯಾರಿಗೆ ಯಾರ ಮೇಲೆ ಮುನಿಸು, ಯಾವ ಗುಟ್ಟು ಯಾರಿಗೆ ಇನ್ನೂ ಗೊತ್ತಿಲ್ಲ, ಇದೆಲ್ಲ ತಲೆಯಲ್ಲಿ ಓಡಾಡುತ್ತಲೇ ಇರಬೇಕು. ಒಂದು ವಾರ ಬಿಟ್ಟು ನೋಡಿ. ಕಥೆ ನೆನಪಿರುತ್ತದೆ, ಅವರ ದನಿ ಕೇಳಿಸುವುದಿಲ್ಲ. ಅದನ್ನು ಮತ್ತೆ ಹಿಡಿಯಲು ಇನ್ನೊಂದು ವಾರ ಬೇಕು. ದಿನಾ ಕೂರುತ್ತಿದ್ದರೆ ಪಾತ್ರೆ ತೊಳೆಯುವಾಗ, ಸ್ನಾನ ಮಾಡುವಾಗ, ಸುಮ್ನೆ ನಡೆಯುವಾಗಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ಮುಂದಿನ ಅಧ್ಯಾಯ ನನಗೆ ಸಿಗುವುದು ಹೆಚ್ಚಾಗಿ ಆಗಲೇ.

19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಬಹುಕಾಲ ಅಂಚೆ ಇಲಾಖೆಯ ನೌಕರಿ ಮಾಡಿಕೊಂಡೇ ಬರೆದವರು. ಬೆಳಗ್ಗೆ 5:30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದರು. ಎದುರಿಗೆ ಗಡಿಯಾರ ಇಟ್ಟುಕೊಂಡು 15 ನಿಮಿಷಕ್ಕೆ 250 ಪದ. ಹೀಗೆ 40ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರು ತೀರಿಕೊಂಡ ಮೇಲೆ, 1883ರಲ್ಲಿ ಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಬಿಚ್ಚಿ ಹೇಳಿದ್ದಾರೆ. ಎಲ್ಲರೂ ಆ 250 ಪದವನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಬೆಲೆಬಾಳುವಂತೆ ಕಾಣುವುದು ಬೇರೆ: ಮೊದಲ ಅರ್ಧ ಗಂಟೆ ಅವರು ಹೊಸದೇನೂ ಬರೆಯುತ್ತಿರಲಿಲ್ಲ, ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದರು, ಪದಗಳ ಸದ್ದು ಕಿವಿಗೆ ಹೇಗಿದೆ ಅಂತ ನೋಡುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ, ಬಾಯಿಬಿಟ್ಟು ಓದುತ್ತೇನೆ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ಓದಿ ಮುಗಿಸುವ ಹೊತ್ತಿಗೆ ದನಿ ವಾಪಸ್ ಬಂದಿರುತ್ತದೆ.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳುತ್ತಿದ್ದ ಒಂದು ಕಿವಿಮಾತೂ ಬಹಳ ಉಪಯೋಗಕ್ಕೆ ಬರುತ್ತದೆ. ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಅವತ್ತಿನ ಕೆಲಸ ನಿಲ್ಲಿಸಬೇಕು. ಅಧ್ಯಾಯ ಮುಗಿಸಿ ಏಳಬೇಡಿ. ಬಾಗಿಲು ತಟ್ಟಿದ ಸದ್ದಾಗಿದೆ, ಯಾರು ಅಂತ ನಿಮಗೆ ಗೊತ್ತು, ಅಲ್ಲಿಗೆ ಎದ್ದುಬಿಡಿ. ಮರುದಿನ ಖಾಲಿ ಹಾಳೆಯ ಭಯ ಇರುವುದಿಲ್ಲ.

ಸಮಯ ಯಾವುದಾದರೂ ಆಗಬಹುದು. ನನಗೆ ಬೆಳಗ್ಗೆ ಆಗಿಬರುತ್ತದೆ, ಫೋನು ಬೇರೆ ಕೋಣೆಯಲ್ಲಿ ಇರುತ್ತದೆ. ಚಿಕ್ಕ ಮಕ್ಕಳಿರುವವರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಅರ್ಧ ಗಂಟೆ ಸಿಕ್ಕರೂ ಅದು ಕಮ್ಮಿಯೇನಲ್ಲ, ಅದು ದಿನಾ ಸಿಗುವ ಅರ್ಧ ಗಂಟೆ ಆಗಿದ್ದರೆ ಸಾಕು. ಏನೂ ಬರದ ದಿನವೂ ಎದ್ದು ಹೋಗಬೇಡಿ. ಪಾತ್ರ ಬರೆಯುವ ಒಂದು ಕಾಗದವನ್ನೋ, ಕಾದಂಬರಿಯೊಳಗೆ ಸೇರದ ಒಂದು ಜಗಳವನ್ನೋ ಬರೆಯಿರಿ.

ಮೊದಲ ಕರಡು ಮುಗಿಯುವವರೆಗೆ ದೊಡ್ಡ ತಿದ್ದುಪಡಿಗೆ ಕೈ ಹಾಕಬೇಡಿ, ಯಾರಿಗೂ ತೋರಿಸಲೂಬೇಡಿ. ಮುಗಿದ ಮೇಲೆ ಕೆಲವು ವಾರ ಎತ್ತಿಡಿ. ಆಮೇಲೆ ಪ್ರಿಂಟ್ ತೆಗೆದು, ಪೆನ್ನು ಹಿಡಿದು ಓದಿ. ಪರದೆಯ ಮೇಲೆ ಕಣ್ಣಿಗೆ ಬೀಳದೇ ಹೋದ ಎಷ್ಟೋ ತಪ್ಪು ಕಾಗದದ ಮೇಲೆ ಕಾಣಿಸುತ್ತವೆ.